ಕಡಲಂಚಿನಲ್ಲಿ ಬೈಕಿನ ಬಣ್ಣದ ಬಿಡಿಭಾಗ: ಆನೋಡೈಸಿಂಗ್ ಎಷ್ಟು ಕಾಲ ಬಾಳುತ್ತದೆ?

ಕುಂದಾಪುರ: ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಇಲ್ಲಿ ಬೈಕ್ ನಿಲ್ಲಿಸಿ ಛಾಯಾಚಿತ್ರ ತೆಗೆಸಿಕೊಳ್ಳದೆ ಮುಂದೆ ಹೋಗುವ ಸವಾರರು ವಿರಳ. ಹಾಗೆ ನಿಂತ ಬೈಕುಗಳನ್ನು ಹತ್ತಿರದಿಂದ ನೋಡಿದರೆ, ಕಂಪನಿ ಕೊಟ್ಟ ಕಪ್ಪು, ಬೂದು ಭಾಗಗಳ ನಡುವೆ ಕೆಂಪು ಲಿವರ್, ನೀಲಿ ಬಾರ್ ಎಂಡ್, ಚಿನ್ನದ ಬಣ್ಣದ ಆಯಿಲ್ ಕ್ಯಾಪ್ ಮಿಂಚುತ್ತಿರುತ್ತವೆ. ‘ಎಕ್ಸ್‌ಟ್ರಾ ಫಿಟ್ಟಿಂಗ್’ ಎಂದು ಅಂಗಡಿಗಳಲ್ಲಿ ಕರೆಯಲಾಗುವ ಈ ಬಿಡಿಭಾಗಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂನವು. ಅವುಗಳ ಬಣ್ಣ ಆನೋಡೈಸಿಂಗ್ ಎಂಬ ವಿಧಾನದಿಂದ ಬಂದದ್ದು.

ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳ ಕರಾವಳಿ ಪಟ್ಟಿಯಲ್ಲಿ ಈ ಬಣ್ಣದ ಬಗ್ಗೆ ಇರುವ ದೂರು ಒಂದೇ: ಬೇಗ ಹೋಗುತ್ತದೆ. ಕೆಂಪು ಗುಲಾಬಿಯಾಗುತ್ತದೆ, ನೇರಳೆ ಬೂದಾಗುತ್ತದೆ, ಬೋಲ್ಟ್ ಸುತ್ತ ಬಿಳಿ ಪುಡಿ ಏಳುತ್ತದೆ. ಆದರೆ ಇವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಲ್ಲ. ಬಣ್ಣ ಮಾಸುವುದು ಬೇರೆ, ಲೋಹಕ್ಕಿದ್ದ ರಕ್ಷಣೆ ಹೋಗುವುದು ಬೇರೆ. ಪೂರ್ತಿ ಮಾಸಿದ ಲಿವರ್ ಒಳಗೆ ಗಟ್ಟಿಯಾಗಿಯೇ ಇರಬಹುದು. ಥಳಥಳಿಸುವ ಲಿವರ್‌ನಲ್ಲಿ ಪಿವಟ್ ಬೋಲ್ಟ್ ಕೂರುವ ತೂತಿನೊಳಗೆ ಲೋಹ ಕೊರೆದು ಹೋಗುತ್ತಿರಬಹುದು. ಮೊದಲನೆಯದು ಅಂದಚಂದದ ವಿಷಯ. ಎರಡನೆಯದು ಬ್ರೇಕಿನ ವಿಷಯ. ಹಣ ಕೊಡುವ ಮುನ್ನ ಈ ವ್ಯತ್ಯಾಸ ತಿಳಿದಿರುವುದು ಒಳಿತು.

ಲೋಹದ್ದೇ ಚರ್ಮ

ಆನೋಡೈಸಿಂಗ್ ಎಂದರೆ ಮೇಲಿನಿಂದ ಬಳಿಯುವ ಬಣ್ಣವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಅದರ ಮೇಲೆ ಆಕ್ಸೈಡಿನ ತೀರ ತೆಳುವಾದ ಪೊರೆ ತಾನಾಗಿಯೇ ಮೂಡುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ಸಹಜ ಪೊರೆ ಆ ಮೈಕ್ರಾನಿನ ನೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಅದೇ ಪೊರೆಯನ್ನು ವಿದ್ಯುತ್ತಿನ ನೆರವಿನಿಂದ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸುವುದೇ ಆನೋಡೈಸಿಂಗ್.

ಬಿಡಿಭಾಗವನ್ನು ಚೊಕ್ಕಟಗೊಳಿಸಿ, ಶೇ. 15ರಿಂದ 20ರಷ್ಟು ಗಂಧಕಾಮ್ಲವಿರುವ ತೊಟ್ಟಿಯಲ್ಲಿ ತೂಗುಬಿಡಲಾಗುತ್ತದೆ. ದ್ರಾವಣವನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟು, ಬಿಡಿಭಾಗವನ್ನು ಧನಧ್ರುವವನ್ನಾಗಿ ಮಾಡಿ 12ರಿಂದ 20 ವೋಲ್ಟ್‌ನ ನೇರ ವಿದ್ಯುತ್ ಹರಿಸುತ್ತಾರೆ. ಲೋಹದ ಮೇಲ್ಮೈ ತಾನೇ ಆಕ್ಸೈಡಾಗಿ ಬದಲಾಗುತ್ತ ಹೋಗುತ್ತದೆ. ಹೀಗೆ ಬೆಳೆದ ಪದರದ ಸುಮಾರು ಮೂರನೆಯ ಎರಡು ಭಾಗ ಮೂಲ ಲೋಹದ ಒಳಕ್ಕೂ, ಉಳಿದ ಒಂದು ಭಾಗ ಹೊರಕ್ಕೂ ಬೆಳೆದಿರುತ್ತದೆ. ಆದ್ದರಿಂದಲೇ ಒಳ್ಳೆಯ ಆನೋಡೈಸಿಂಗ್ ಪೇಂಟಿನಂತೆ ಹಪ್ಪಳೆ ಹಪ್ಪಳೆಯಾಗಿ ಏಳುವುದಿಲ್ಲ. ಏಳುತ್ತಿದೆ ಎಂದಾದರೆ ಅದು ಆನೋಡೈಸಿಂಗ್ ಅಲ್ಲ, ಆ ಹೆಸರಿನಲ್ಲಿ ಮಾರಿದ ಪೇಂಟ್ ಎಂದೇ ತಿಳಿಯಬೇಕು.

ಈ ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಜೇನುಗೂಡಿನ ಕಣ್ಣುಗಳ ಹಾಗೆ. ಬಣ್ಣದ ದ್ರಾವಣದಲ್ಲಿ ಅದ್ದಿದಾಗ ಡೈ ಈ ರಂಧ್ರಗಳೊಳಗೆ ಇಳಿಯುತ್ತದೆ. ಅನಂತರ ಕುದಿಯುವ ಬಿಂದುವಿಗೆ ಹತ್ತಿರವಾದ ಶುದ್ಧ ನೀರಿನಲ್ಲಿ ಅಥವಾ ನಿಕಲ್ ಅಸಿಟೇಟ್ ದ್ರಾವಣದಲ್ಲಿ ಇಟ್ಟರೆ ಆಕ್ಸೈಡ್ ನೀರು ಹೀರಿ ಉಬ್ಬಿಕೊಂಡು ರಂಧ್ರಗಳ ಬಾಯಿ ಮುಚ್ಚುತ್ತದೆ. ಇದಕ್ಕೆ ಸೀಲಿಂಗ್ ಎನ್ನುತ್ತಾರೆ. ಸೀಲಿಂಗ್ ಅರೆಬರೆಯಾದರೆ ಡೈ ಹೊರಗೆ ಸೋರುತ್ತದೆ. ಅದಕ್ಕಿಂತ ಮುಖ್ಯವಾಗಿ ಉಪ್ಪುನೀರು ಒಳಗೆ ಇಳಿಯುತ್ತದೆ.

ಈ ವಿದ್ಯೆ ಹುಟ್ಟಿದ್ದೇ ಕಡಲ ಉಪ್ಪಿನ ಕಾಟದಿಂದ ಎಂಬುದು ನಮ್ಮ ಕರಾವಳಿಯವರು ಗಮನಿಸಬೇಕಾದ ಸಂಗತಿ. 1923ರಲ್ಲಿ ಬ್ರಿಟನ್ನಿನ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ನೀರಿನ ಮೇಲೆ ಇಳಿಯುವ ವಿಮಾನಗಳ ಡ್ಯುರಾಲುಮಿನ್ ಭಾಗಗಳನ್ನು ಸಮುದ್ರದ ನೀರಿನಿಂದ ಕಾಪಾಡಲು ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಈ ಕೆಲಸ ಮಾಡಿದರು. ಇಂದು ಬಳಕೆಯಲ್ಲಿರುವ ಗಂಧಕಾಮ್ಲದ ವಿಧಾನಕ್ಕೆ 1927ರಲ್ಲಿ ಗೋವರ್ ಮತ್ತು ಓಬ್ರಿಯನ್ ಪೇಟೆಂಟ್ ಪಡೆದರು. ಬಣ್ಣ ಹಾಕುವುದು ಆಮೇಲೆ ಬಂದ ಸೊಗಸು.

ಎಷ್ಟು ಮೈಕ್ರಾನ್?

ಬಾಳಿಕೆಯನ್ನು ನಿರ್ಧರಿಸುವ ಮೊದಲ ಅಂಶ ಪದರದ ದಪ್ಪ. ಅಂಗಡಿಯ ಡಬ್ಬಿಯ ಮೇಲೆ ಲೋಹದ ದರ್ಜೆ, ಬಣ್ಣ, ಯಾವ ಬೈಕಿಗೆ ಹೊಂದುತ್ತದೆ ಎಂಬುದೆಲ್ಲ ಅಚ್ಚಾಗಿರುತ್ತದೆ. ಮೈಕ್ರಾನಿನ ಲೆಕ್ಕ ಮಾತ್ರ ಇರುವುದು ಬಲು ಅಪರೂಪ.

ಹೋಲಿಕೆಗೆ ನಮ್ಮ ಮನೆಗಳ ಕಿಟಕಿಗಳೇ ಸಾಕು. ಭಾರತೀಯ ಮಾನಕ ಐಎಸ್ 1868 ಆನೋಡೈಸಿಂಗ್ ಪದರಗಳನ್ನು ದಪ್ಪದ ಆಧಾರದಲ್ಲಿ ದರ್ಜೆಗಳಾಗಿ ವಿಂಗಡಿಸಿದೆ. ಎಸಿ 15 ಎಂದರೆ ಸರಾಸರಿ ಕನಿಷ್ಠ 15 ಮೈಕ್ರಾನ್, ಎಸಿ 25 ಎಂದರೆ 25. ಅಲ್ಯೂಮಿನಿಯಂ ಬಾಗಿಲು ಕಿಟಕಿಗಳಿಗೆ ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳು ಕೇಳುವುದು ಕನಿಷ್ಠ ಎಸಿ 15. ಕಡಲ ತೀರದ ಕಟ್ಟಡಗಳ ಹೊರಭಾಗಕ್ಕೆ 20ರಿಂದ 25 ಮೈಕ್ರಾನ್ ಇರಬೇಕೆಂಬುದು ಜಗತ್ತಿನ ಹೆಚ್ಚಿನ ಕಡೆ ಪಾಲಿಸುವ ರೂಢಿ. ಅಲಂಕಾರದ ಉದ್ದೇಶದ ಆನೋಡೈಸಿಂಗ್ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪವೇ 50 ಮೈಕ್ರಾನಿಗೆ ಕಡಿಮೆಯಿಲ್ಲವೆಂದು ನೆನೆದರೆ ಈ ಪದರ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಕದಲದೆ ಗೋಡೆಯಲ್ಲಿ ಕುಳಿತಿರುವ ಕಿಟಕಿಗೆ ಕೊಡುವಷ್ಟು ರಕ್ಷಣೆಯೂ ಮಳೆ, ಕೆಸರು, ಜಲ್ಲಿ, ಬೆವರಿನ ಕೈ ಎಲ್ಲವನ್ನೂ ಎದುರಿಸುವ ಬೈಕಿನ ಲಿವರ್‌ಗೆ ಅನೇಕ ವೇಳೆ ಸಿಗುವುದಿಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಸಾಮಾನ್ಯ ವಿದ್ಯುತ್ ಪ್ರಮಾಣದಲ್ಲಿ ಪದರ ನಿಮಿಷಕ್ಕೆ ಅರ್ಧ ಮೈಕ್ರಾನಿಗಿಂತ ತುಸು ಕಡಿಮೆ ಬೆಳೆಯುತ್ತದೆ. 5 ಮೈಕ್ರಾನಿಗೆ ಹತ್ತು ಹನ್ನೆರಡು ನಿಮಿಷ ಸಾಕು. 25ಕ್ಕೆ ಒಂದು ಗಂಟೆಯ ಹತ್ತಿರ ಬೇಕು. ಬಿಸಿನೀರಿನ ಸೀಲಿಂಗಿಗೆ ಪ್ರತಿ ಮೈಕ್ರಾನಿಗೆ ಎರಡೂವರೆಯಿಂದ ಮೂರು ನಿಮಿಷ ಎಂಬುದು ಲೆಕ್ಕ. ಅಂದರೆ ದಪ್ಪ ಪದರದ ಒಂದು ತಂಡ ತೊಟ್ಟಿಗಳಿಂದ ಹೊರಬರುವಷ್ಟರಲ್ಲಿ ತೆಳು ಪದರದ ನಾಲ್ಕೈದು ತಂಡ ಮುಗಿದಿರುತ್ತದೆ. ಅಗ್ಗದ ಭಾಗದಲ್ಲಿ ಮೊದಲು ಕತ್ತರಿ ಬೀಳುವುದು ಈ ಸಮಯಕ್ಕೆ. ಅಂಗಡಿಯ ದೀಪದ ಕೆಳಗೆ ಎರಡೂ ಒಂದೇ ರೀತಿ ಹೊಳೆಯುವುದರಿಂದ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

‘ಹಾರ್ಡ್ ಆನೋಡೈಸಿಂಗ್’ ಎಂಬುದು ಬೇರೆಯೇ ದರ್ಜೆ. ತೊಟ್ಟಿಯನ್ನು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸಿ, ಹೆಚ್ಚು ವಿದ್ಯುತ್ ಹರಿಸಿ, 25ರಿಂದ 50 ಮೈಕ್ರಾನ್ ಮತ್ತು ಅದಕ್ಕೂ ಹೆಚ್ಚು ದಪ್ಪಕ್ಕೆ ಬೆಳೆಸಲಾಗುತ್ತದೆ. ಬ್ರೇಕ್ ಕ್ಯಾಲಿಪರ್ ಪಿಸ್ಟನ್‌ನಂತಹ ಉಜ್ಜಾಡುವ ಭಾಗಗಳಿಗೆ ಇದು ಬಳಕೆಯಾಗುತ್ತದೆ. ಬಣ್ಣ ಕಡು ಬೂದು ಅಥವಾ ಕಪ್ಪು. ಉಜ್ವಲ ಕೆಂಪು, ಕಿತ್ತಳೆ ಬಣ್ಣದ ಭಾಗವನ್ನು ‘ಹಾರ್ಡ್ ಆನೋಡೈಸ್ಡ್’ ಎಂದು ಮಾರುತ್ತಿದ್ದರೆ ಸಂಶಯ ಪಡಲು ಕಾರಣವಿದೆ.

ಬಣ್ಣದ ಕಥೆ

ಬಣ್ಣ ಮಾಸಲು ಮುಖ್ಯ ಕಾರಣ ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಉಪ್ಪಿನ ಪಾತ್ರ ಇಲ್ಲಿ ಕಡಿಮೆ. ರಂಧ್ರಗಳಲ್ಲಿ ತುಂಬಿದ ಡೈ ಹೆಚ್ಚಾಗಿ ಸಾವಯವ ರಾಸಾಯನಿಕ. ಕಿರಣ ತಾಗಿದಂತೆ ಅದರ ಅಣುಗಳು ಒಡೆಯುತ್ತವೆ. ನೇರಳೆ, ಗುಲಾಬಿ ಮತ್ತು ಕೆಲವು ಬಗೆಯ ನೀಲಿ, ಕೆಂಪು ಬೇಗ ಸೋಲುತ್ತವೆ. ಕಪ್ಪು ಹೆಚ್ಚು ತಾಳುತ್ತದೆ. ಕಬ್ಬಿಣದ ಲವಣದಿಂದ ಬರುವ ಚಿನ್ನದ ಬಣ್ಣ ಮತ್ತು ಕಿಟಕಿಗಳಲ್ಲಿ ಕಾಣುವ ಕಂಚಿನ ಬಣ್ಣ ಬಹುಕಾಲ ನಿಲ್ಲುತ್ತವೆ. ಕಂಚಿನ ಬಣ್ಣದಲ್ಲಿ ಡೈ ಇರುವುದೇ ಇಲ್ಲ. ವಿದ್ಯುತ್ ಮೂಲಕ ರಂಧ್ರಗಳ ತಳದಲ್ಲಿ ಕೂರಿಸಿದ ತವರದಂತಹ ಲೋಹದ ಕಣಗಳು ಆ ಬಣ್ಣ ಕೊಡುತ್ತವೆ. ಇಪ್ಪತ್ತು ವರ್ಷ ಹಳೆಯ ಕಟ್ಟಡದ ಕಿಟಕಿ ಬಣ್ಣ ಉಳಿಸಿಕೊಂಡಿದ್ದರೆ, ಎರಡು ವರ್ಷದ ಬಾರ್ ಎಂಡ್ ಬಿಳಿಚಿಕೊಳ್ಳುವುದು ಈ ಕಾರಣದಿಂದ.

ಪದರ ತೆಳುವಾದಷ್ಟೂ ಅದು ಹಿಡಿದಿಡುವ ಡೈ ಕಡಿಮೆ. ಗಾಢ ಕಪ್ಪು ಬರಬೇಕಾದರೆ ಪದರಕ್ಕೂ ಒಂದಿಷ್ಟು ದಪ್ಪ ಇರಲೇಬೇಕು. ಹೊಸದರಲ್ಲೇ ಕಪ್ಪು ನೇರಳೆ ಛಾಯೆಯಲ್ಲಿ ಕಂಡರೆ ಪದರ ತೆಳುವಾಗಿರುವ ಅಥವಾ ಡೈ ಸರಿಯಾಗಿ ಇಳಿಯದಿರುವ ಸಾಧ್ಯತೆಯಿದೆ.

ಬಿಸಿಲಿನಲ್ಲಿ ಬಣ್ಣ ಬಿಳಿಚಿಕೊಂಡರೂ ಆಕ್ಸೈಡಿನ ಪದರ ಅಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಒಂದೇ ಸಮನಾಗಿ, ಬಿಸಿಲು ಬೀಳುವ ಬದಿಯಲ್ಲಿ ಮಾತ್ರ ಮಾಸಿದ್ದು, ಉಗುರಿನಲ್ಲಿ ಸವರಿದಾಗ ನಯವಾಗಿದ್ದರೆ ಆತಂಕಪಡಬೇಕಾಗಿಲ್ಲ. ಚುಕ್ಕೆ ಚುಕ್ಕೆಯಾಗಿ, ಒರಟಾಗಿ, ಬಿಳಿ ಪುಡಿಯೊಂದಿಗೆ ಹೋಗಿದ್ದರೆ ಮಾತ್ರ ಪದರವೇ ಹೋಗಿದೆ ಎಂದರ್ಥ.

ನಮ್ಮ ಗಾಳಿ, ನಮ್ಮ ಉಪ್ಪು

ಅಲ್ಯೂಮಿನಿಯಂಗೆ ‘ತುಕ್ಕು’ ಹಿಡಿಯಿತೆನ್ನುವುದು ಈಗ ರೂಢಿಯಾಗಿದೆ. ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂಬ ಭೇದವಿದೆ. ಅಲ್ಯೂಮಿನಿಯಂ ಮೇಲೇಳುವ ಬಿಳಿ ಪುಡಿ ಕಿಲುಬಿಗೇ ಹತ್ತಿರ. ಅದು ಮೇಲ್ಮೈಯನ್ನೆಲ್ಲ ಒಂದೇ ಸಮನೆ ತಿನ್ನುವುದಿಲ್ಲ. ಕ್ಲೋರೈಡ್ ಒಂದು ದುರ್ಬಲ ಬಿಂದುವನ್ನು ಹುಡುಕಿ ಅಲ್ಲಿ ಸೂಜಿಮೊನೆಯಷ್ಟು ಗುಳಿ ತೋಡಿ ಆಳಕ್ಕಿಳಿಯುತ್ತದೆ. ಕಬ್ಬಿಣದ ತುಕ್ಕು ಕಣ್ಣಿಗೆ ಬೀಳುತ್ತದೆ; ಈ ಗುಳಿಗಳು ಬಣ್ಣದ ನಡುವೆ ಅಡಗಿರುತ್ತವೆ.

ಅಲೆ ಒಡೆದಾಗ ಏಳುವ ತುಂತುರಿನಲ್ಲಿರುವ ಉಪ್ಪಿನ ಬಹುಪಾಲು ತೀರದಿಂದ ಕೆಲವು ನೂರು ಮೀಟರ್‌ಗಳೊಳಗೆ ಬಿದ್ದುಹೋಗುತ್ತದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ಇಂತಹ ಹವೆಯ ಪರಿಣಾಮವನ್ನು ಅಳೆದು ಇಡೀ ದೇಶದ ಲೋಹ ಸವೆತದ ನಕ್ಷೆಯನ್ನೇ ಸಿದ್ಧಪಡಿಸಿದೆ. ಆದರೆ ಮೂರು ತಾಲೂಕುಗಳೊಳಗೇ ಇರುವ ವ್ಯತ್ಯಾಸ ಕಡಿಮೆಯೇನಲ್ಲ. ಮರವಂತೆ, ತ್ರಾಸಿ, ಗಂಗೊಳ್ಳಿ, ಕೋಡಿ ಕಡೆಗಳಲ್ಲಿ ಬೈಕ್ ಅಂಗಳದಲ್ಲಿ ನಿಂತರೂ ಉಪ್ಪು ಬಂದು ಕೂರುತ್ತದೆ. ಬ್ರಹ್ಮಾವರ ಪೇಟೆ ಸಮುದ್ರದಿಂದ ತುಸು ಒಳಗಿದೆ. ಘಟ್ಟದ ಬುಡದ ಕೊಲ್ಲೂರು, ಸಿದ್ದಾಪುರದಲ್ಲಿ ಮಳೆ ವಿಪರೀತವಾದರೂ ಕಡಲ ಉಪ್ಪಿನ ಬಾಧೆ ಕಡಿಮೆ. ಒಂದೇ ದಿನ ಕೊಂಡ ಎರಡು ಲಿವರ್‌ಗಳು ಗಂಗೊಳ್ಳಿಯಲ್ಲಿ ಒಂದು ತೆರ, ಸಿದ್ದಾಪುರದಲ್ಲಿ ಇನ್ನೊಂದು ತೆರ ಬಾಳಿದರೆ ಅಂಗಡಿಯವರನ್ನು ದೂರಿ ಫಲವಿಲ್ಲ.

ಮಳೆಗಾಲವೇ ಶತ್ರುವೆಂಬುದು ಸಾಮಾನ್ಯ ನಂಬಿಕೆ. ಅಲ್ಯೂಮಿನಿಯಂ ಮಟ್ಟಿಗೆ ಇದು ಅರ್ಧ ಸತ್ಯ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಬೈಕಿನ ಮೇಲಿನ ಉಪ್ಪನ್ನು ತೊಳೆದುಬಿಡುತ್ತದೆ. ಉಪ್ಪು ಕೂತು ಉಳಿಯುವುದು ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ. ಗಾಳಿಯ ತೇವಾಂಶ ಶೇ. 75ನ್ನು ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಅದಕ್ಕಿಂತ ಬಹಳ ಕಡಿಮೆ ತೇವಾಂಶದಲ್ಲೇ ಒದ್ದೆಯಾಗುತ್ತದೆ. ಹೀಗಾಗಿ ರಾತ್ರಿಯಿಡೀ ಲಿವರ್‌ನ ಸಂದಿಗಳಲ್ಲಿ ಕಣ್ಣಿಗೆ ಕಾಣದ ಉಪ್ಪುನೀರಿನ ಪೊರೆ ಇರುತ್ತದೆ. ಮಳೆ ತಾಗದ ಚಪ್ಪರದ ಕೆಳಗೆ, ಹೊದಿಕೆ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ಬೈಕ್ ದಿನವೂ ಓಡುವ ಬೈಕಿಗಿಂತ ಬೇಗ ಕೆಡಲು ಕಾರಣ ಇದೇ. ಮುಂಬೈ, ಬೆಂಗಳೂರಿನಲ್ಲಿ ದುಡಿಯುವ ಯುವಕರು ಊರಿನಲ್ಲಿ ಬಿಟ್ಟು ಹೋಗುವ ಬೈಕುಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಇನ್ನು ರಸ್ತೆಯದೇ ಉಪ್ಪು. ಮೀನಿನ ಲಾರಿಗಳಿಂದ ಹೆದ್ದಾರಿಗೆ ಸುರಿಯುವ ನೀರಿನಿಂದ ದ್ವಿಚಕ್ರ ವಾಹನಗಳು ಜಾರುತ್ತವೆ ಎಂಬ ದೂರು ಕರಾವಳಿಯಲ್ಲಿ ಹಳೆಯದು. ಆ ನೀರಿನಲ್ಲಿ ಉಪ್ಪೂ ಇದೆ, ಅದು ಚಕ್ರದಿಂದ ಎರಚಿ ಚೈನ್ ಅಡ್ಜಸ್ಟರ್, ಫುಟ್‌ಪೆಗ್, ಸ್ವಿಂಗ್ ಆರ್ಮ್ ಮೇಲೆ ಕೂರುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬೇಸಿಗೆಯಲ್ಲಿ ನದೀಮುಖದ ಊರುಗಳ ಬಾವಿ ನೀರು ಉಪ್ಪಾಗುತ್ತದೆ; ಆ ನೀರಿನಲ್ಲಿ ಬೈಕ್ ತೊಳೆದು ಬಿಸಿಲಿಗೆ ಒಣಗಲು ಬಿಟ್ಟರೆ ತೊಳೆದದ್ದು ವ್ಯರ್ಥ.

ಬೋಲ್ಟ್ ಬುಡದ ಕಾಯಿಲೆ

ಗಂಗೊಳ್ಳಿ, ಮಲ್ಪೆಯ ಬಂದರಿನಲ್ಲಿ ದುಡಿಯುವವರಿಗೆ ಉಕ್ಕಿನ ದೋಣಿಯ ತಳಕ್ಕೆ ಸತುವಿನ ಗಟ್ಟಿ ಏಕೆ ಕಟ್ಟುತ್ತಾರೆಂದು ವಿವರಿಸಬೇಕಾಗಿಲ್ಲ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅವುಗಳಲ್ಲಿ ಒಂದು ಕರಗಿ ಇನ್ನೊಂದನ್ನು ಉಳಿಸುತ್ತದೆ. ದೋಣಿಯಲ್ಲಿ ಸತು ಕರಗಿ ಉಕ್ಕು ಉಳಿಯುತ್ತದೆ. ಬೈಕಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಉಳಿದು, ಸುತ್ತಲಿನ ಅಲ್ಯೂಮಿನಿಯಂ ಸತುವಿನ ಪಾಲನ್ನು ವಹಿಸಿಕೊಳ್ಳುತ್ತದೆ.

ಆನೋಡೈಸಿಂಗ್ ಪದರ ವಿದ್ಯುತ್ತಿಗೆ ತಡೆ. ಅದು ಅಖಂಡವಾಗಿರುವವರೆಗೆ ಈ ವ್ಯವಹಾರ ನಡೆಯದು. ಆದರೆ ಬೋಲ್ಟನ್ನು ಬಿಗಿಗೊಳಿಸುವಾಗ ಅದರ ತಲೆ ತಿರುಗಿ ಪದರವನ್ನು ಉಜ್ಜಿ ತೆಗೆಯುತ್ತದೆ. ಒಳಗಿನ ಮೆದು ಲೋಹದ ಮೇಲೆ ಈ ಪದರ ಮೊಟ್ಟೆಯ ಚಿಪ್ಪಿನಂತೆ: ತಾನು ಗಟ್ಟಿ, ಕೆಳಗಿನದು ತಗ್ಗಿದರೆ ಬಿರುಕು. ಹ್ಯಾಂಡಲ್ ರೈಸರ್‌ನ ಕ್ಲಾಂಪು, ಲಿವರ್‌ನ ಪಿವಟ್, ರಿಸರ್ವಾಯರ್ ಮುಚ್ಚಳದ ಸ್ಕ್ರೂ ಸುತ್ತ ಮೊದಲು ಬಿಳಿ ಪುಡಿ ಕಾಣುವುದು ಇದರಿಂದ. ಪುಡಿಯ ಗಾತ್ರ ಕರಗಿದ ಲೋಹಕ್ಕಿಂತ ಹೆಚ್ಚು. ಅದು ತ್ರೆಡ್‌ಗಳ ನಡುವೆ ಉಬ್ಬಿ ಬೋಲ್ಟನ್ನು ಬಿಡಿಸಲಾಗದಂತೆ ಹಿಡಿದಿಡುತ್ತದೆ. ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ತ್ರೆಡ್ ಬೋಲ್ಟಿನ ಜೊತೆಗೇ ಹೊರಬರುತ್ತದೆ.

ಬ್ರೇಕ್ ಲಿವರ್‌ನ ಪಿವಟ್‌ನಲ್ಲಿ ಹೀಗಾದರೆ ಲಿವರ್ ಬಿಗಿಯಾಗಿ, ಬಿಟ್ಟ ಮೇಲೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಬ್ರೇಕ್ ಲೈಟ್ ಉರಿಯುತ್ತಲೇ ಇರುವುದು, ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಓಡಿ ಬಿಸಿಯೇರುವುದು ಇದರ ಫಲ. ತೂತಿನ ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಅಪಾಯ ಇನ್ನೂ ದೊಡ್ಡದು. ಪದೇ ಪದೇ ಒತ್ತುವ ಭಾಗದಲ್ಲಿ ಬಿರುಕು ಹುಟ್ಟುವುದು ಇಂತಹ ಗುಳಿಯ ತಳದಿಂದ. ಆದ್ದರಿಂದ ಬಾರ್ ಎಂಡ್, ಆಯಿಲ್ ಕ್ಯಾಪ್‌ನ ಬಣ್ಣ ಹೋದರೆ ಕಣ್ಣು ಮುಚ್ಚಿಕೊಳ್ಳಬಹುದು. ಬ್ರೇಕ್ ಲಿವರ್, ರೈಸರ್, ಫುಟ್‌ಪೆಗ್ ವಿಷಯದಲ್ಲಿ ಆ ಧಾರಾಳತನ ಸಲ್ಲದು.

ಪರಿಹಾರ ಅಗ್ಗದ್ದು. ಭಾಗ ಕೂರಿಸುವಾಗಲೇ ಬೋಲ್ಟಿನ ತ್ರೆಡ್‌ಗೆ, ತಲೆಯ ಕೆಳಗೆ, ಪಿವಟ್‌ಗೆ ತೆಳುವಾಗಿ ನೀರಿಗೆ ಜಗ್ಗದ ಗ್ರೀಸ್ ಸವರಬೇಕು. ದೋಣಿ ಎಂಜಿನ್‌ಗಳಿಗೆ ಬಳಸುವ ಮರೈನ್ ಗ್ರೀಸ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಬೋಲ್ಟ್ ತಲೆಯಡಿ ನೈಲಾನ್ ವಾಷರ್ ಹಾಕುವ ಸಲಹೆ ಕೆಲವರದು. ಅಲಂಕಾರದ ಭಾಗಗಳಿಗೆ ಅದು ಸರಿ. ಭಾರ ಹೊರುವ ಕ್ಲಾಂಪುಗಳಲ್ಲಿ ಬಿಗಿ ಸಡಿಲವಾಗುವುದರಿಂದ ಕೂಡದು. ಗ್ರೀಸ್ ಹಚ್ಚಿದ ಬೋಲ್ಟ್ ಸುಲಭವಾಗಿ ತಿರುಗುವುದರಿಂದ ಎಂದಿನ ಬಲ ಹಾಕಿ ಅತಿಯಾಗಿ ಬಿಗಿಯಬಾರದು. ವರ್ಷಕ್ಕೆ ಒಮ್ಮೆ, ಮಳೆಗಾಲ ಮುಗಿದ ಮೇಲೆ, ಬಿಚ್ಚಿ ಒರೆಸಿ ಮತ್ತೆ ಹಚ್ಚಿದರೆ ಸಾಕು.

ತೊಳೆಯುವವರೇ ತೆಗೆಯುವುದು

ಆನೋಡೈಸಿಂಗ್ ಪದರ ಕಡಲಿಗಿಂತ ಬೇಗ ಸೋಲುವುದು ಸಾಬೂನಿಗೆ ಎಂದರೆ ಅತಿಶಯೋಕ್ತಿ ಎನಿಸಬಹುದು. ಅಲ್ಯೂಮಿನಿಯಂ ಆಕ್ಸೈಡ್ ಪಿಎಚ್ ಮೌಲ್ಯ ಸುಮಾರು 4ರಿಂದ 8.5ರ ನಡುವೆ ಮಾತ್ರ ಸ್ಥಿರ. ಬಟ್ಟೆ ಒಗೆಯುವ ಪುಡಿಯ ದ್ರಾವಣ 10ರ ಆಸುಪಾಸಿನದು. ವಾಟರ್ ಸರ್ವಿಸ್ ಕೇಂದ್ರಗಳಲ್ಲಿ ಎಂಜಿನ್ನಿನ ಜಿಡ್ಡು ತೆಗೆಯಲು ಬಳಸುವ ಕಾಸ್ಟಿಕ್ ಬೆರೆತ ದ್ರಾವಣಗಳು ಇನ್ನೂ ತೀಕ್ಷ್ಣ. ಆನೋಡೈಸಿಂಗ್ ಘಟಕಗಳಲ್ಲಿ ಹಳೆಯ ಪದರವನ್ನು ಕಿತ್ತು ತೆಗೆಯಲು ಬಳಸುವುದೂ ಕಾಸ್ಟಿಕ್ ಸೋಡಾವನ್ನೇ ಎಂದಮೇಲೆ ಹೆಚ್ಚು ಹೇಳಬೇಕಾಗಿಲ್ಲ. ನೆಲದ ಟೈಲ್ಸ್ ತೊಳೆಯುವ ಆಸಿಡ್‌ನಿಂದ ಎಂಜಿನ್ ಬೆಳಗಿಸುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು. ಸಿಮೆಂಟ್ ನೀರು, ಸುಣ್ಣ ಸಿಡಿದರೆ ಒಣಗುವ ಮುನ್ನವೇ ತೊಳೆಯಬೇಕು. ಎಲೆಯಡಿಕೆ ಮೆಲ್ಲುವವರ ಬೆರಳಿನ ಸುಣ್ಣವೂ ಲಿವರ್ ಮೇಲೆ ಉಳಿದರೆ ಅಲ್ಲಿ ಕಲೆ ಮಾಡುತ್ತದೆ.

ವಾರಕ್ಕೊಮ್ಮೆ ಸಿಹಿನೀರು, ಪಿಎಚ್ ತಟಸ್ಥವಾದ ವಾಹನದ ಶಾಂಪೂ, ಮೆತ್ತನೆಯ ಬಟ್ಟೆ ಇಷ್ಟೇ ಬೇಕು. ಕಡಲ ದಂಡೆಗೆ ಹೋಗಿ ಬಂದ ದಿನ ಬರೀ ನೀರು ಹಾಯಿಸಿದರೂ ಆಯಿತು. ಲೋಹ ಬೆಳಗುವ ಪಾಲಿಶ್ ಪೇಸ್ಟ್‌ಗಳಲ್ಲಿ ಉಜ್ಜುವ ಪುಡಿ ಇರುವುದರಿಂದ ಅವು ಬೇಡ. ಬದಲಿಗೆ ಕಾರಿನ ಬಾಡಿಗೆ ಹಚ್ಚುವ ಮೇಣ ತಿಂಗಳಿಗೊಮ್ಮೆ ಹಚ್ಚಬಹುದು. ಮಳೆಗಾಲಕ್ಕೆ ಮುನ್ನ ಡೀಸೆಲ್ ಸ್ಪ್ರೇ ಹೊಡೆಸುವುದು ನಮ್ಮ ಕಡೆಯ ಹಳೆಯ ರೂಢಿ. ಆಕ್ಸೈಡಿಗೆ ಅದರಿಂದ ಹಾನಿಯಿಲ್ಲ, ರಬ್ಬರಿಗೆ ಇದೆ. ಅಲ್ಲದೆ ಜಿಡ್ಡಿಗೆ ಅಂಟಿದ ಕೆಂಪುಮಣ್ಣಿನ ಧೂಳು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ತೆಂಗಿನೆಣ್ಣೆ ಒರೆಸುವವರೂ ಇದ್ದಾರೆ. ಹೊಳಪು ಎರಡು ದಿನ, ಧೂಳು ತಿಂಗಳು.

ಶಾಖದ ವಿಷಯವನ್ನೂ ಇಲ್ಲೇ ಹೇಳಿಬಿಡಬಹುದು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವಷ್ಟರ ಐದನೆಯ ಒಂದು ಭಾಗದಷ್ಟು ಮಾತ್ರ ಆಕ್ಸೈಡ್ ಹಿಗ್ಗುತ್ತದೆ. ಸುಮಾರು 80 ಡಿಗ್ರಿ ದಾಟಿದರೆ ಪದರದಲ್ಲಿ ಜೇಡರ ಬಲೆಯಂತಹ ಸಣ್ಣ ಬಿರುಕುಗಳು ಮೂಡುತ್ತವೆ. ಸೈಲೆನ್ಸರ್ ಬಳಿಯ ಬ್ರಾಕೆಟ್, ಎಂಜಿನ್ ಮೇಲಿನ ಕವರ್‌ಗಳಿಗೆ ಬಣ್ಣದ ಆನೋಡೈಸಿಂಗ್ ಹೇಳಿ ಮಾಡಿಸಿದ್ದಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ದೆಹಲಿಯ ಕರೋಲ್‌ಬಾಗ್, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳಿಂದಲೋ ಆನ್‌ಲೈನ್ ಮೂಲಕವೋ ಬರುವ ಈ ಭಾಗಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರದವರೆಗೆ ಹಬ್ಬಿದೆ. ಬೆಲೆಯೊಂದರಿಂದಲೇ ಗುಣ ತಿಳಿಯದು. ಮೊದಲು ನೋಡಬೇಕಾದದ್ದು ಲೋಹ. ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಸಿಎನ್‌ಸಿ ಯಂತ್ರದಲ್ಲಿ ಕೆತ್ತಿದ ಭಾಗಗಳು ಸಾಮಾನ್ಯವಾಗಿ 6061 ಅಥವಾ 7075 ದರ್ಜೆಯವು. ಇವು ಆನೋಡೈಸಿಂಗಿಗೆ ಒಗ್ಗುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಲೋಹದಲ್ಲಿ ಸಿಲಿಕಾನ್ ಹೆಚ್ಚಿರುವುದರಿಂದ ಅದರ ಮೇಲೆ ಪದರ ಬೂದುಬೂದಾಗಿ, ತೇಪೆ ತೇಪೆಯಾಗಿ ಬರುತ್ತದೆ. ಎರಕದ ಭಾಗದ ಮೇಲೆ ಉಜ್ವಲ ಬಣ್ಣವಿದ್ದರೆ ಅದು ಬಹುತೇಕ ಪೇಂಟ್. ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಗೆರೆ ಎರಕದ ಗುರುತು. ಉಳಿ ಓಡಿದ ಸೂಕ್ಷ್ಮ ಗೀರುಗಳು ಬಣ್ಣದ ಅಡಿಯಲ್ಲೂ ಕಾಣುತ್ತಿದ್ದರೆ ಅದು ಕೆತ್ತಿದ್ದರ ಗುರುತು.

ಮೆಕ್ಯಾನಿಕ್ ಬಳಿ ಇರುವ ಮಲ್ಟಿಮೀಟರ್ ಇನ್ನೊಂದು ಸುಲಭದ ಪರೀಕ್ಷೆ. ಕಂಟಿನ್ಯುಟಿಗೆ ಇಟ್ಟು ಎರಡು ಕಡ್ಡಿಗಳನ್ನು ಮೇಲ್ಮೈಗೆ ಹಗುರವಾಗಿ ತಾಗಿಸಿದರೆ ಸದ್ದು ಬರಬಾರದು. ತೂತುಗಳ ಒಳಭಾಗವನ್ನೂ ಹೀಗೆ ನೋಡಬೇಕು. ಬಣ್ಣ ಹಾಕಿದ ಮೇಲೆ ತೂತು ಕೊರೆದಿದ್ದರೆ ಅಲ್ಲಿ ಬರಿ ಲೋಹವಿದ್ದು ಮೀಟರ್ ಕೂಗುತ್ತದೆ. ಕರಾವಳಿಯಲ್ಲಿ ಬಳಸುವ ಲಿವರ್‌ಗೆ ಇದು ದೊಡ್ಡ ದೋಷ. ಪೇಂಟ್ ಕೂಡ ವಿದ್ಯುತ್ತನ್ನು ತಡೆಯುತ್ತದೆ ಎಂಬುದು ನೆನಪಿರಲಿ. ಬ್ರೇಕ್ ಫ್ಲೂಯಿಡ್ ಬಿದ್ದರೆ ಪೇಂಟ್ ಮೆತ್ತಗಾಗಿ ಏಳುತ್ತದೆ, ಆನೋಡೈಸಿಂಗ್ ಜಗ್ಗುವುದಿಲ್ಲ.

ಸೀಲಿಂಗ್ ಪರೀಕ್ಷೆಗೆ ಭಾಗದ ಹಿಂಬದಿಯಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ಒಂದೆರಡು ನಿಮಿಷ ಬಿಟ್ಟು, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಗೆರೆ ಪೂರ್ತಿ ಹೋದರೆ ರಂಧ್ರಗಳು ಮುಚ್ಚಿವೆ. ಕಲೆ ಉಳಿದರೆ ಅಥವಾ ಬಟ್ಟೆಗೆ ಭಾಗದ್ದೇ ಬಣ್ಣ ಬಂದರೆ ಮುಚ್ಚಿಲ್ಲ. ಪ್ರಯೋಗಾಲಯಗಳಲ್ಲಿ ಬಣ್ಣದ ಹನಿಯಿಟ್ಟು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಅಂಗಡಿಯವರು ಒಪ್ಪದಿದ್ದರೆ ಮನೆಗೆ ತಂದ ಮೇಲಾದರೂ, ಬೈಕಿಗೆ ಕೂರಿಸುವ ಮೊದಲು, ನೋಡಿಕೊಳ್ಳಬಹುದು.

ಮತ್ತೆ ಬಣ್ಣ ಹಾಕಿಸಬಹುದೇ?

ಹಾಕಿಸಬಹುದು. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸ ಮಾಡುವ ಘಟಕಗಳಿವೆ. ಆದರೆ ಹಳೆಯ ಪದರ ಲೋಹದಿಂದಲೇ ಆದದ್ದಾದ್ದರಿಂದ ಅದನ್ನು ಕಿತ್ತಾಗ ಭಾಗವೂ ಅಷ್ಟು ಸವೆಯುತ್ತದೆ. ಬಾರ್ ಎಂಡ್‌ಗೆ ಇದು ಲೆಕ್ಕಕ್ಕಿಲ್ಲ. ನುಣ್ಣನೆಯ ತೂತು, ಸಣ್ಣ ತ್ರೆಡ್ ಇರುವಲ್ಲಿ ಮಾತ್ರ ಆಟ ಹೆಚ್ಚುತ್ತದೆ. ಅದರಲ್ಲೂ ತ್ರೆಡ್‌ನ ಅಳತೆಯಲ್ಲಿ ಬರುವ ವ್ಯತ್ಯಾಸ ಪದರದ ಏರಿಳಿತದ ನಾಲ್ಕು ಪಟ್ಟು. ಕೊಡುವ ಮುನ್ನ ಬುಶ್, ಬೇರಿಂಗ್, ಉಕ್ಕಿನ ಪಿನ್‌ಗಳನ್ನು ಬಿಚ್ಚಬೇಕು, ಏಕೆಂದರೆ ಆಮ್ಲದ ತೊಟ್ಟಿ ಅವನ್ನು ತಿಂದುಹಾಕುತ್ತದೆ. ದಪ್ಪ ಎಷ್ಟೆಂದು ಹೇಳದೆ ಬರೀ ಬಣ್ಣ ಹೇಳಿದರೆ ಸಿಗುವುದೂ ಬರೀ ಬಣ್ಣವೇ. ಕರಾವಳಿಗೆಂದು ಹೇಳಿ 20 ಮೈಕ್ರಾನಿಗೆ ಕಡಿಮೆಯಾಗದಂತೆ ಕೇಳಬೇಕು. ಬೇರೆ ಬೇರೆ ತಯಾರಕರ ಭಾಗಗಳನ್ನು ಒಟ್ಟಿಗೆ ಕೊಟ್ಟರೂ ಮಿಶ್ರಲೋಹ ಬೇರೆಯಾದ್ದರಿಂದ ಛಾಯೆ ಒಂದೇ ಬರುವ ಖಾತರಿಯಿಲ್ಲ.

ಗುಳಿ ಬಿದ್ದ ಲಿವರ್‌ಗೆ ಮಾತ್ರ ಮರುಬಣ್ಣ ಹಾಕಿಸಬಾರದು. ಕಾಸ್ಟಿಕ್ ತೊಟ್ಟಿಯಲ್ಲಿ ಗುಳಿಗಳು ಹೋಗುವುದಿಲ್ಲ, ಮೇಲೆ ಹೊಸ ಬಣ್ಣ ಬಂದು ಅವು ಮತ್ತೆ ಮರೆಯಾಗುತ್ತವೆ. ಅಂಥದ್ದನ್ನು ಗುಜರಿಗೆ ಹಾಕಿ ಬೈಕಿನ ಜೊತೆ ಬಂದ ಮೂಲ ಲಿವರನ್ನೇ ಮರಳಿ ಕೂರಿಸಬೇಕು. ಹೆಚ್ಚಿನವರ ಮನೆಯ ಅಟ್ಟದಲ್ಲಿ ಅದು ಇನ್ನೂ ಇರುತ್ತದೆ.